ಓನರ್ ಶಾಂತಕ್ಕನ ಇಂಗ್ಲಿಷ್

ಫ್ರೆಂಡ್ಸ್, ಪಾಠ ಮಾಡಲು ಹೋದ ನಾನೇ ಇವತ್ತು ಕಟಕಟೆಯಲ್ಲಿ ನಿಂತೆ.

ಕೊಟ್ಟೂರಿನಲ್ಲಿ ಸಂಜೆ ಹೆಂಗಸರಿಗೆ ಇಂಗ್ಲಿಷ್ ಕಲಿಸುತ್ತೇನೆ. ಇವತ್ತು ಪ್ರೆಸೆಂಟ್ ಟೆನ್ಸ್. "ನಿಮ್ಮ ಮನಿಯಾಗ ದಿನಾ ಏನೇನ್ ನಡಿತೈತಿ ಹೇಳ್ರಿ, ಸುಳ್ಳು ಬ್ಯಾಡ" ಎಂದೆ. ನನ್ನ ಮನೆ ಓನರ್ ಶಾಂತಕ್ಕ ಎದ್ದು ನಿಂತರು. ಇಷ್ಟು ದಿನ ನನ್ನ ಜೊತೆ "ಊಟ ಆತೇನ್ರಿ?" ಬಿಟ್ಟು ಬೇರೆ ಮಾತಾಡಿದವರಲ್ಲ.

"ಮೈ ಟೆನೆಂಟ್ ಡಸ್ ನಾಟ್ ಕ್ಲೋಸ್ ದ ಗೇಟ್. ಡಾಗ್ಸ್ ಕಮ್ ಇನ್."

ಎಲ್ಲರೂ ನನ್ನ ಕಡೆ ತಿರುಗಿದರು. ಅವರ ಮನೆಯಲ್ಲಿ ಬಾಡಿಗೆಗಿರುವವಳು ನಾನೊಬ್ಬಳೇ ಎಂದು ಎಲ್ಲರಿಗೂ ಗೊತ್ತು. ತಪ್ಪು ಹುಡುಕಿದೆ, ಒಂದೂ ಸಿಗಲಿಲ್ಲ. "ಗುಡ್, ಕುಂದರ್ರಿ" ಎಂದೆ. ಅವರು ಕೂರಲಿಲ್ಲ.

"ಹರ್ ಮದರ್ ಕಾಲ್ಸ್ ಅಬೌಟ್ ಮ್ಯಾರೇಜ್. ಶಿ ಕಟ್ಸ್ ದ ಫೋನ್. ದೆನ್ ಮದರ್ ಕಾಲ್ಸ್ ಮಿ. ಎವೆರಿ ಡೇ!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಬೋರ್ಡಿನ ಕಡೆ ತಿರುಗಿ, ಏನು ಬರೆಯಬೇಕೆಂದು ತೋಚದೆ, ಬರೆದದ್ದನ್ನೇ ಅಳಿಸಿದೆ.

ಕ್ಲಾಸು ಮುಗಿದ ಮೇಲೆ ಬಾಗಿಲಲ್ಲೇ ಅವರನ್ನು ತಡೆದೆ. "ಇದನ್ನ ಮನಿಯಾಗ ಹೇಳಾಕ ಬರ್ತಿರಲಿಲ್ಲೇನ್ರಿ? ಅಷ್ಟು ಮಂದಿ ಮುಂದ ನನ್ನ ಮಾನ ಕಳೀಬೇಕಿತ್ತಾ?"

ಶಾಂತಕ್ಕ ಚಪ್ಪಲಿ ಮೆಟ್ಟುತ್ತ ತಣ್ಣಗೆ ಹೇಳಿದರು: "ಕನ್ನಡದಾಗ ಅಂದಿದ್ರ ಜಗಳ ಆಕ್ಕಿತ್ರಿ ಟೀಚರ್. ಇಂಗ್ಲಿಷ್‌ನಾಗ ಅಂದೆ, ನೀವ ಗುಡ್ ಅಂದ್ರಿ."

ಮನೆಗೆ ಬಂದು, ಗೇಟು ಹಾಕಿ, ಅಮ್ಮನಿಗೆ ಫೋನ್ ಮಾಡಿದೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಜಗಳವೇ ಆಯಿತು.