ಮೂಗಿಗೆ ಹಿಡಿಯುವ ಔಷಧ

ಹೆರಿಗೆಯ ಕೋಣೆಯಲ್ಲಿ ಸೇರುವ ಹೆಂಗಸರನ್ನು ನೆನೆದರೆ ನನಗೆ ಇವತ್ತಿಗೂ ಓಕರಿಕೆ ಬರುತ್ತದೆ. ರಕ್ತ, ವಾಸನೆ ನೀರು ಹಾಕಿದರೆ ಹೋಗುತ್ತವೆ. ಅವರ ಬಾಯಿಯ ಹೊಲಸು ಹೋಗುವುದಿಲ್ಲ.

ಅದನ್ನು ಮೊದಲು ಕಂಡದ್ದು ನನ್ನ ಅಕ್ಕನ ಹೆರಿಗೆಯಲ್ಲಿ. ನಮ್ಮ ತವರು ಕಂಪ್ಲಿ. ಅವ್ವ ಬೇಗ ತೀರಿಕೊಂಡಿದ್ದರಿಂದ ಅಕ್ಕ ಚೊಚ್ಚಲ ಹೆರಿಗೆಗೂ ಹೊಸಪೇಟೆಯ ಅತ್ತೆಮನೆಯಲ್ಲೇ ಉಳಿದಳು. ಆಗಷ್ಟೇ ಮದುವೆಯಾಗಿದ್ದ ನಾನು ಜೊತೆಗಿರಲು ಹೋದೆ.

ಎರಡು ದಿನ ಬೇನೆ ತಿಂದು ಅಕ್ಕ ಸೋತುಹೋದಳು. ಸೂಲಗಿತ್ತಿ ಕೈಚೆಲ್ಲಿದ ಮೇಲೆ ಡಾಕ್ಟರಮ್ಮನನ್ನು ಕರೆತರಲು ಜಟಕಾ ಹೋಯಿತು. ಓಣಿಯ ಹೆಂಗಸರು ಎಲೆಅಡಿಕೆ ಜಗಿಯುತ್ತಾ ಸುತ್ತ ಕೂತಿದ್ದರು. ಅಕ್ಕ ನರಳಿದಳೆಂದರೆ ಸಾಕು, "ಮಲಗುವಾಗ ನಗು, ಹಡೆಯುವಾಗ ಅಳುವೇನು?" ಎಂದು ಒಬ್ಬಳು, ಉಳಿದವರು ಕಿಸಕ್ಕನೆ ನಗುವುದು. ಥೂ! ಅವರೆಲ್ಲ ಹಡೆದವರೇ.

ಡಾಕ್ಟರಮ್ಮ ಬಂದು ನೋಡಿ, "ಪಾಪ, ಭಾಳ ಸುಸ್ತಾಗಿದಾಳೆ. ಸ್ವಲ್ಪ ಕ್ಲೋರೋಫಾರಂ ಮೂಗಿಗೆ ಹಿಡೀತೀನಿ, ನೋವು ಗೊತ್ತಾಗಲ್ಲ" ಎಂದರು. ಅಕ್ಕ ನನ್ನ ಕೈ ಹಿಂಡಿ, "ಹೂಂ ಅನ್ನವ್ವ, ನಿನ್ನ ಕಾಲಿಗೆ ಬೀಳ್ತೀನಿ" ಎಂದಳು. ನಾನು ಹೂಂ ಎಂದೆ. ನನ್ನ ಹೂಂ ಯಾರಿಗೆ ಬೇಕು? ಅಕ್ಕನ ಅತ್ತೆ ಮುಂದೆ ಬಂದು, "ಬ್ಯಾಡ್ರಿ. ಬ್ಯಾನಿ ತಿನ್ನದ ಹಡದಾಕಿಗೆ ಕೂಸಿನ ಮ್ಯಾಲೆ ಕರುಳು ಹ್ಯಾಂಗ ಇರತೈತಿ?" ಎಂದುಬಿಟ್ಟಳು.

ಇದೇ ಅತ್ತೆ ಹಿಂದಿನ ಬೇಸಿಗೆಯಲ್ಲಿ ಗಂಡನ ಕುಂಡಿಯ ಮೇಲಿನ ಕುರು ಕೊಯ್ಯಿಸುವಾಗ ದವಾಖಾನೆಯಲ್ಲಿ ನಿಂತು, "ಎಚ್ಚರ ತಪ್ಪಿಸಿ ಕೊಯ್ಯಿರಿ, ಅವರ ಜೀವ ಭಾಳ ಸೂಕ್ಷ್ಮ" ಎಂದು ಗೋಗರೆದವಳು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ! ಗಂಡಸಿನ ಕುರುವಿಗಿದ್ದ ಮರ್ಯಾದೆ ನನ್ನಕ್ಕನ ಜೀವಕ್ಕಿರಲಿಲ್ಲ. ಅವಳ ಬಾಯಿಗೆ ಸೆರಗು ತುರುಕಿದರು. ಗಂಡುಮಗು ಹುಟ್ಟಿತು. "ಒಂದು ಸೊಲ್ಲು ಎತ್ತಲಿಲ್ಲ ನೋಡ್ರಿ" ಎಂದು ಓಣಿಯೆಲ್ಲ ಹೊಗಳಿತು. ಬಟ್ಟೆ ತುರುಕಿದ ಬಾಯಿಂದ ಸೊಲ್ಲು ಎಲ್ಲಿಂದ ಬರಬೇಕು?

ಎರಡು ವರ್ಷಕ್ಕೆ ನನ್ನ ಸರದಿ ಬಂತು. ಅಷ್ಟೊತ್ತಿಗೆ ಆ ಅತ್ತೆ ಸತ್ತು, ಅಕ್ಕನೇ ಮನೆಯ ಯಜಮಾನಿಯಾಗಿದ್ದಳು. ಬುಕ್ಕಸಾಗರದ ಗಂಡನ ಮನೆಯಿಂದ ನಾನು ಆಕೆಯಲ್ಲಿಗೇ ಬಂದೆ. ನನಗೆ ಧೈರ್ಯವೋ ಧೈರ್ಯ. ಬಂದ ವಾರದಲ್ಲೇ ದವಾಖಾನೆಗೆ ಹೋಗಿ ಡಾಕ್ಟರಮ್ಮನನ್ನು ಆ ಔಷಧ ಕೇಳಿದೆ. "ಕೊಡ್ತೀನಮ್ಮ. ಆದ್ರೆ ಮನೆ ಹಿರಿಯರು ಒಬ್ರು ಒಪ್ಪಬೇಕು" ಎಂದರು. "ನಮ್ಮಕ್ಕ ಅದಾಳ್ರಿ" ಎಂದೆ. ಅಕ್ಕನಿಗೆ ಮೊದಲೇ ಹೇಳಿಡಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಆಕೆಗೆ ಗೊತ್ತಿಲ್ಲದ ನೋವೇ?

ಬೇನೆ ಏರಿದ ಮಧ್ಯಾಹ್ನ ಡಾಕ್ಟರಮ್ಮ ಬಂದು, ಸೀಸೆ ತೆಗೆದು, ಬಟ್ಟೆ ಮಡಿಚಿ, ಅಕ್ಕನ ಕಡೆ ತಿರುಗಿದರು. ನಾನು ಆಗಲೇ ಮುಖ ಮುಂದೆ ಚಾಚಿದ್ದೆ.

"ಬ್ಯಾಡ್ರಿ" ಎಂದಳು ಅಕ್ಕ. "ನಾನು ಹಂಗ ಹಡದೀನಿ. ಆಕಿಗೇನಾಗೇತಿ?"

"ಅಕ್ಕಾ, ಅವತ್ತು ನೀನ ಕಾಲಿಗೆ ಬೀಳ್ತೀನಿ ಅಂದಿದ್ದಿಯಲ್ಲ!" ಎಂದು ಕೂಗಿಕೊಂಡೆ.

"ಅವಾಗ ನನಗ ಬುದ್ಧಿ ಇರಲಿಲ್ಲ" ಎಂದು ತನ್ನ ಸೆರಗನ್ನೇ ಉಂಡೆ ಮಾಡಿ ನನ್ನ ಬಾಯಿಗೆ ಒತ್ತಿದಳು. ಡಾಕ್ಟರಮ್ಮ ಸೀಸೆಯನ್ನು ಚೀಲಕ್ಕೆ ಹಾಕಿಕೊಂಡರು.

ಸಂಜೆಗೆ ಮಗಳು ಹುಟ್ಟಿದಳು. ಅಕ್ಕ ಬಾಣಂತನದಲ್ಲಿ ಏನೂ ಕಡಿಮೆ ಮಾಡಲಿಲ್ಲ. ಎಣ್ಣೆ ತಿಕ್ಕಿದಳು, ಬಿಸಿನೀರು ಹಾಕಿದಳು, ತುಪ್ಪ ಬಡಿಸಿದಳು. ಆಕೆಯ ಕೈ ಮೈಗೆ ತಾಗಿದರೆ ನನಗೆ ಹೇಸಿಗೆಯಾಗುತ್ತಿತ್ತು. ತಾಯಿಯ ಜಾಗದಲ್ಲಿ ನಿಂತವಳಿಗೆ ಅದನ್ನು ಎದುರಿಗೆ ಹೇಳುವುದು ಹೇಗೆ?

ಎಂಟನೇ ದಿನ ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆಯುತ್ತಿದ್ದಳು. ಅದು ಚಿಟಾರನೆ ಚೀರಿತು. ಅಕ್ಕ ಅದರ ತುಟಿಯ ಮೇಲೆ ಬೆರಳಿಟ್ಟು, ಮುದ್ದಿನಿಂದಲೇ, "ಸುಮ್ನಿರು ನನ್ನವ್ವ. ಈಗಿಂದನ ತಡಕೊಳ್ಳೋದು ಕಲಿ" ಎಂದಳು.

ಎದ್ದು ಹೋಗಿ ಒದ್ದೆ ಕೂಸನ್ನು ಆಕೆಯ ಕೈಯಿಂದ ಕಿತ್ತುಕೊಂಡೆ. ಹಸಿ ಬಾಣಂತಿ ಎಂದು ಎಲ್ಲರೂ ಬಾಯಿ ಬಡಿದುಕೊಂಡರೂ ಅವತ್ತೇ ಗಾಡಿ ಹೂಡಿಸಿ ಬುಕ್ಕಸಾಗರಕ್ಕೆ ಹೊರಟೆ. ದಾರಿಯುದ್ದಕ್ಕೂ ಮಗಳು ಅಳುತ್ತಿದ್ದಳು. ಅಳಲಿ ಎಂದು ಬಿಟ್ಟೆ.