ಪೆರಂಬೂರಿನಲ್ಲಿ ಅಣ್ಣನ ಮಾತು

ಶವದ ಮುಂದೆ ಜನ ಕುಣಿಯುತ್ತಿದ್ದರು. ಮದ್ರಾಸಿನ ಪೆರಂಬೂರಿಗೆ ಬಂದು ಆರು ತಿಂಗಳಾಗಿದ್ದರೂ ನಾನು ಅದನ್ನು ಕಂಡಿರಲಿಲ್ಲ. ತಮಟೆ, ಸೀಟಿ, ರಸ್ತೆಯ ತುಂಬ ಚೆಂಡುಹೂವಿನ ಎಸಳು. ದಾವಣಗೆರೆಯಲ್ಲಿ ನನ್ನ ಅಣ್ಣನನ್ನು ಮಣ್ಣು ಮಾಡಿ ಬಂದು ಆಗಿನ್ನೂ ಹದಿನೈದು ದಿನ. ನಮ್ಮ ಮನೆಯಲ್ಲಿ ಸಾವೆಂದರೆ ಭಜನೆ, ತಗ್ಗಿದ ದನಿ, ಗಂಡಸರ ಒಣ ಕಣ್ಣು. ಮಣಲಿಯ ಕಾರ್ಖಾನೆಗೆ ಹೋಗುವ ಬಸ್ಸು ತಪ್ಪಿಸಿಕೊಂಡು ನಿಂತೇ ಇದ್ದೆ.

ಪಕ್ಕದ ಮನೆಯ ಮುತ್ತಮ್ಮ ಹೇಳಿದರು: "ನಲ್ಲಾ ವಾಳ್ಂದಾರು ಸಾರ್. ಸಂತೋಷಮಾ ಅನುಪ್ಪುರೋಂ." ಚೆನ್ನಾಗಿ ಬಾಳಿದವರು, ಸಂತೋಷದಿಂದ ಕಳಿಸಿಕೊಡುತ್ತಿದ್ದೇವೆ ಎಂದರ್ಥ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ಅಣ್ಣ ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶಕ್ಕೆ ನಾನು ಹೋಗಿರಲಿಲ್ಲ. ಕಾರ್ಖಾನೆಯಲ್ಲಿ ದುರಸ್ತಿಯ ಕೆಲಸ ನಡೆದಿತ್ತು, ನಾನು ನೋಡಿಕೊಳ್ಳುವ ಪ್ರಯೋಗಾಲಯ ಬಿಟ್ಟು ಬರುವಂತಿರಲಿಲ್ಲ. "ನೀನೀಗ ಮದ್ರಾಸಿನವನಾದೆ ಬಿಡಪ್ಪ" ಎಂದ ಅಣ್ಣ. ನಾನು ಫೋನ್ ಇಟ್ಟುಬಿಟ್ಟೆ. ಮೂರು ವಾರದ ನಂತರ ತನ್ನ ಬಟ್ಟೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗಲೇ ಅವನು ಕುಸಿದುಬಿದ್ದ. ನಮ್ಮಿಬ್ಬರ ನಡುವಿನ ಕೊನೆಯ ಮಾತು ಅದೇ ಆಯಿತು.

ಆಮೇಲೆ ನಾನು ಮನೆಯಲ್ಲಿ ಮಾತು ಬಿಟ್ಟೆ. ಬಾಯಿ ತೆರೆದರೆ ಗದರಿಕೆ. ಎಂಟು ವರ್ಷದ ಮಗಳು ನಿತ್ಯಾ ತಮಿಳಿನಲ್ಲಿ ಉತ್ತರ ಕೊಟ್ಟಳೆಂದು ಒಂದು ದಿನ ತಟ್ಟೆ ತಳ್ಳಿ ಎದ್ದುಹೋದೆ. ಹೆಂಡತಿ ಶೋಭಾ ಜಗಳವಾಡಲಿಲ್ಲ. ಕನ್ನಡ ವಾರಪತ್ರಿಕೆಯೊಂದರಿಂದ ಕತ್ತರಿಸಿದ ಚೂರನ್ನು ನನ್ನ ಮುಂದಿಟ್ಟಳು. ಧಾರವಾಡದ ಆಪ್ತಸಮಾಲೋಚಕಿಯೊಬ್ಬರು ಇಂಟರ್‌ನೆಟ್ಟಿನಲ್ಲೇ ಮಾತಾಡಿಸುತ್ತಾರೆ ಎಂದಿತ್ತು.

"ನನಗೇನು ಹುಚ್ಚು ಹಿಡಿದಿದೆಯಾ?"

"ಹುಚ್ಚಲ್ಲ ರೀ, ದುಃಖ. ನನ್ನ ಹತ್ರ ಹೇಳಲ್ಲ, ಅವರ ಹತ್ರನಾದ್ರೂ ಹೇಳಿ" ಎಂದಳು.

ಆಗ ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಭಾನುವಾರ ಬೆಳಿಗ್ಗೆ ರೈಲು ನಿಲ್ದಾಣದ ಬಳಿಯ ಬ್ರೌಸಿಂಗ್ ಸೆಂಟರಿಗೆ ಹೋಗುತ್ತಿದ್ದೆ. ಪ್ಲೈವುಡ್ ಗೂಡು, ಪಕ್ಕದಲ್ಲಿ ಕೆಲಸದ ಅರ್ಜಿ ತುಂಬುವ ಹುಡುಗಿಯರು. ಊರಿನಲ್ಲಾಗಿದ್ದರೆ ಇಂಥವರ ಬಾಗಿಲು ತಟ್ಟುವಷ್ಟರಲ್ಲಿ ನಾಲ್ಕು ಜನಕ್ಕೆ ಗೊತ್ತಾಗುತ್ತಿತ್ತು. ಇಲ್ಲಿ ನಾನು ಯಾರಿಗೂ ಬೇಕಾದವನಲ್ಲ. ಅಷ್ಟು ದಿನ ಕಾಡಿದ ಆ ಒಂಟಿತನವೇ ಆಗ ಅನುಕೂಲವಾಯಿತು.

ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕಿತ್ತು. "ಅಣ್ಣ ಇಲ್ಲದೆ ಯಾವುದೂ ಬೇಡ ಅನಿಸುತ್ತಿದೆ" ಎಂದು ಮೊದಲ ಸಾಲು ಬರೆದೆ. "ಅಲ್ಲಿ ಊಟ ಸರಿಯಾಗಿ ಸಿಗ್ತಿಲ್ವಾ?" ಎಂದು ಆಪ್ತಸಮಾಲೋಚಕಿ ಸುಮಿತ್ರಾ ಮೇಡಂ ಕೇಳಿದರು. ಅಣ್ಣ, ಅನ್ನ ಎರಡೂ ಆ ಅಕ್ಷರದಲ್ಲಿ ಒಂದೇ! ಗೂಡಿನಲ್ಲಿ ಕುಳಿತು ಜೋರಾಗಿ ನಕ್ಕೆ. ತಿಂಗಳ ಮೇಲೆ ಬಂದ ನಗು. ಆ ನಗುವಿನ ಬೆನ್ನಿಗೇ ಫೋನಿನ ವಿಷಯವನ್ನೆಲ್ಲ ಬರೆದು ಮುಗಿಸಿದೆ.

ಎಂಟು ಭಾನುವಾರ ಹೀಗೆ ನಡೆಯಿತು. ಅವರು ಸಮಾಧಾನ ಹೇಳಿದ್ದು ಕಡಿಮೆ, ಕೇಳಿದ್ದು ಹೆಚ್ಚು. ಒಮ್ಮೆ, "ಅಣ್ಣ ಸತ್ತದ್ದನ್ನ ನನಗೆ ಹೇಳಿದ್ರಿ. ಬದುಕಿದ್ದನ್ನ ಮಗಳಿಗೆ ಹೇಳಿದೀರಾ?" ಎಂದು ಬರೆದರು.

ಆ ಸಂಜೆ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುವಾಗ ಅಣ್ಣನ ಅಂಗಡಿಯ ಕತೆ ಹೇಳತೊಡಗಿದೆ. ನಿತ್ಯಾ ಹತ್ತಿರ ಬಂದು, "ಪೆರಿಯಪ್ಪಾ ಎಪ್ಪಡಿ ಪೇಸುವಾರು?" ಎಂದಳು. ದೊಡ್ಡಪ್ಪ ಹೇಗೆ ಮಾತಾಡುತ್ತಿದ್ದರು ಎಂದು. ನಾನು ಅಣ್ಣನ ದನಿ ತೆಗೆದೆ: "ಏನಮ್ಮಾ ತಾಯಿ, ಈ ಸೀರೆ ನೋಡ್ರಿ, ನಿಮಗಂತಲೇ ನೇಯ್ದಂಗೈತಿ!" ಅವಳು ಬಿದ್ದುಬಿದ್ದು ನಕ್ಕಳು. ನಾನು ನಗುತ್ತಲೇ ಅತ್ತುಬಿಟ್ಟೆ. ಶೋಭಾ ನನ್ನ ಕೈಲಿದ್ದ ಬಟ್ಟೆ ತೆಗೆದುಕೊಂಡಳು, ಕೈಯನ್ನು ಬಿಡಲಿಲ್ಲ.

ಮರುದಿನ ಅತ್ತಿಗೆಗೆ ಫೋನ್ ಮಾಡಿ, "ಅಣ್ಣನಿಗೆ ನನ್ನ ಮೇಲೆ ಸಿಟ್ಟಿತ್ತಾ?" ಎಂದು ಕೇಳಿಯೇಬಿಟ್ಟೆ.

"ಇತ್ತಪ್ಪ. ಇರಲಿಲ್ಲ ಅಂದ್ರೆ ಸುಳ್ಳಾಗುತ್ತೆ" ಎಂದರು. "ಆದ್ರೆ ಅಷ್ಟು ಸಲಿಗೆಯಿಂದ ಸಿಟ್ಟು ಮಾಡ್ಕೊಳ್ಳೋಕೆ ಅವರಿಗೆ ನಿನ್ನ ಬಿಟ್ಟು ಇನ್ಯಾರಿದ್ರು?"

ಸಿಟ್ಟಿರಲಿಲ್ಲ ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಆ ಮಾತು ಕೇಳಿದ ಮೇಲೆ ನಿದ್ದೆ ಬರತೊಡಗಿತು. ಊಟಕ್ಕೆ ಕೂತಾಗ ಮಗಳ ತಮಿಳು ಕಿವಿಗೆ ಚುಚ್ಚುವುದೂ ನಿಂತಿತು.

ವರ್ಷದ ಪುಣ್ಯತಿಥಿಗೆ ಮೂವರೂ ದಾವಣಗೆರೆಗೆ ಹೋದೆವು. ಸಮಾಧಿಯ ಮುಂದೆ ನಿತ್ಯಾ ಅರ್ಧ ಕನ್ನಡ, ಅರ್ಧ ತಮಿಳಿನಲ್ಲಿ ದೊಡ್ಡಪ್ಪನಿಗೆ ತನ್ನ ಶಾಲೆಯ ಸುದ್ದಿ ಹೇಳಿದಳು. ನಾನು ಅತ್ತಿಗೆಗೆ ಅರ್ಥ ಹೇಳಿದೆ. ಹೊರಡುವಾಗ ಎದುರು ಮನೆಯವರು, "ಊರಿಗೆ ಹೊಂಟ್ರಾ?" ಎಂದರು. "ಹ್ಞೂಂ" ಎಂದೆ. ಮರುದಿನ ಬೆಳಿಗ್ಗೆ ಸೆಂಟ್ರಲ್ ನಿಲ್ದಾಣದ ಹೊರಗೆ ಆಟೊದವನು ಚೀಲ ಎತ್ತಿಡುತ್ತ, "ಊರ್‌ಲೇರುಂದು ವರ್ರೀಂಗಳಾ ಸಾರ್?" ಎಂದ. ಊರಿಂದ ಬರುತ್ತಿದ್ದೀರಾ ಎಂದು. ಅವನಿಗೂ "ಆಮಾ" ಎಂದೆ, ಹೌದು ಎಂದು. ಎರಡರಲ್ಲಿ ಯಾವುದೂ ಸುಳ್ಳಾಗಿರಲಿಲ್ಲ.