ಅತ್ತೆಯನ್ನು ಕೇಳದೆ ಬಿಟ್ಟ ಪ್ರಶ್ನೆ

ಹುಮನಾಬಾದಿನ ಡಾಕ್ಟರು ಚೀಟಿಯಲ್ಲಿ ಎರಡು ಹೆಸರು ಬರೆದುಕೊಟ್ಟಿದ್ದರು. ಇಬ್ಬರೂ ಹೈದರಾಬಾದಿನ ನರದ ಸರ್ಜನ್ನರು. ಒಬ್ಬರು ಸರ್ಕಾರಿ ದವಾಖಾನೆಯವರು, ರೋಗಿಗಳ ಜೊತೆ ಉರ್ದುವಿನಲ್ಲೇ ಮಾತು. ಇನ್ನೊಬ್ಬರು ವಿಲಾಯತಿಯಲ್ಲಿ ಓದಿ ಬಂದವರು, ಸ್ವಂತ ದವಾಖಾನೆ, ಎಲ್ಲ ಇಂಗ್ಲಿಷು.

"ಬೆನ್ನಾಗ ನರ ಒತ್ತಾಕತ್ತದ. ಇಬ್ಬರೂ ಕೈ ಚಲೋ ಇದ್ದವರು, ಯಾರ ಹತ್ರ ಆದ್ರೂ ಹೋಗ್ರಿ. ತಡಾ ಮಾಡಬ್ಯಾಡ್ರಿ" ಎಂದಿದ್ದರು.

ಎಪ್ಪತ್ತರ ದಶಕದ ಮಾತಿದು. ಅತ್ತೆ ಎಡಗಾಲು ಎಳೆದು ನಡೆಯುತ್ತಿದ್ದರು. ಚಪ್ಪಲಿ ಕಳಚಿ ಬಿದ್ದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಹಿಂದೆ ಬರುವ ನಾನು ಎತ್ತಿಕೊಳ್ಳುತ್ತಿದ್ದೆ.

ಬಸವಕಲ್ಯಾಣದ ಮನೆಯಲ್ಲಿ ಮಾವ ಆ ಚೀಟಿಯನ್ನು ನನ್ನ ಕೈಗೇ ಕೊಟ್ಟರು. "ಕಾನ್ವೆಂಟ್ ಕಲತಾಕಿ, ನೀನೇ ಹೇಳವ್ವ. ಯಾರ ಹತ್ರ ಹೋಗೂಣು?"

"ಉರ್ದು ಡಾಕ್ಟರ್ ಆದ್ರ ನಂದು ನಾನೇ ಹೇಳ್ಕೋತಿದ್ದೆ" ಎಂದರು ಅತ್ತೆ. ನಿಜಾಮರ ಕಾಲದಲ್ಲಿ ಬೆಳೆದವರು, ಉರ್ದು ಅವರಿಗೆ ನೀರು ಕುಡಿದಷ್ಟು ಸಲೀಸು.

"ಸರ್ಕಾರಿ ದವಾಖಾನ್ಯಾಗ ಗದ್ದಲ ಭಾಳ ಅತ್ತೀ. ಇಂಗ್ಲಿಷ್ ಡಾಕ್ಟರ್ ಹತ್ರ ಆದ್ರ ಹೇಳಾಕ ನಾ ಇದ್ದೇನಲ್ಲ" ಎಂದೆ.

ನಿಜ ಬೇರೆ ಇತ್ತು. ಮದುವೆಯಾಗಿ ಹತ್ತು ವರ್ಷ, ನನ್ನ ಇಂಗ್ಲಿಷು ಶಾಲೆಯ ಬಹುಮಾನಗಳ ಜೊತೆ ಟ್ರಂಕಿನಲ್ಲೇ ಬಿದ್ದಿತ್ತು. ಮಾವನ ಎದುರು ಒಮ್ಮೆ ಅದನ್ನು ಹೊರಗೆ ತೆಗೆಯಬೇಕೆಂಬ ಆಸೆ.

ಹೈದರಾಬಾದಿನ ಬಸ್ಸು ಮನ್ನಾಏಖೇಳ್ಳಿಯ ರಸ್ತೆಯಲ್ಲಿ ಎತ್ತಿಹಾಕಿದಾಗಲೆಲ್ಲ ಅತ್ತೆ ನನ್ನ ಮಣಿಕಟ್ಟು ಹಿಡಿಯುತ್ತಿದ್ದರು.

ಇಂಗ್ಲಿಷ್ ಡಾಕ್ಟರು ಮೃದುವಾಗಿ ಮಾತಾಡಿದರು. ಅಂಗಾಲಿಗೆ ಸೂಜಿ ತಾಗಿಸಿ ನೋಡಿದರು. ಯಾವ ಕಾನ್ವೆಂಟು ಎಂದು ಕೇಳಿದರು, ಉಚ್ಚಾರ ಸೊಗಸಾಗಿದೆ ಎಂದರು. ನನ್ನ ಕಿವಿ ಬಿಸಿಯಾಯಿತು. ಆಮೇಲೆ ಅದೇ ದನಿಯಲ್ಲಿ ಇನ್ನೊಂದು ಕೇಳಿದರು: ಇವರಿಗೆ ಮೂತ್ರದ ಮೇಲೆ ಹಿಡಿತ ಇದೆಯೇ?

ಮಾವ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಅವರ ಎದುರು ನಾನು ತಲೆಯ ಮೇಲಿನ ಸೆರಗು ಸರಿಸಿದವಳಲ್ಲ. ಅಂಥ ಮಾತು ಬಾಯಿಗೆ ತರಬಾರದೆಂದು ಕಾನ್ವೆಂಟಿನ ಸಿಸ್ಟರುಗಳೂ ಕಲಿಸಿದ್ದರು. ಅತ್ತೆಯ ಕಡೆ ತಿರುಗದೆ ನಾನೇ ಹೇಳಿದೆ, "ನೋ ಟ್ರಬಲ್, ಡಾಕ್ಟರ್."

"ಏನ್ ಕೇಳಿದ್ರವ್ವ?" ಮಾವ ಕೇಳಿದರು.

"ಊಟ, ನಿದ್ದಿ ಕೇಳಿದ್ರು, ಮಾವಾರ."

ಹಾಗಾದರೆ ಆಪರೇಷನ್ನಿಗೆ ಅವಸರವಿಲ್ಲ, ಆರು ವಾರ ಹಲಗೆಯ ಮೇಲೆ ಮಲಗಲಿ, ಆಮೇಲೆ ನೋಡೋಣ ಎಂದರು ಡಾಕ್ಟರು.

ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳು. ಹೋಗುವ ಮುಂಚಿನ ವಾರವೇ ಅತ್ತೆಯ ಸೀರೆ ದಿನಕ್ಕೆ ಎರಡು ಸಲ ಹಿತ್ತಲ ಹಗ್ಗಕ್ಕೆ ಬರತೊಡಗಿತ್ತು. ಹಾಸಿಗೆಯ ದುಪ್ಪಟಿಯನ್ನು ಯಾರೂ ಏಳುವ ಮುಂಚೆ ತಾವೇ ಜಾಲಿಸಿ, ನನ್ನ ಸೀರೆಯ ಹಿಂದೆ ಮರೆಮಾಡಿ ಒಣಹಾಕುತ್ತಿದ್ದರು. ನೀರಿನ ತಂಬಿಗೆ ಉರುಳಿರಬೇಕು ಎಂದುಕೊಂಡಿದ್ದೆ. ಹಾಗೆಂದುಕೊಳ್ಳುವುದು ಸುಲಭವಾಗಿತ್ತು.

ಆರು ವಾರ ಮುಗಿಯುವಷ್ಟರಲ್ಲಿ ಎರಡೂ ಕಾಲು ಸೋತವು. ಹುಮನಾಬಾದಿನ ಡಾಕ್ಟರು ಬಂದು ನೋಡಿ, ಬಾಡಿಗೆ ಕಾರು ಮಾಡಿಸಿ ಸರ್ಕಾರಿ ದವಾಖಾನೆಗೇ ಕಳಿಸಿದರು.

ಅಲ್ಲಿ ಗದ್ದಲವಿತ್ತು. ಉರ್ದು ಡಾಕ್ಟರು ಮಂಚದ ಅಂಚಿಗೇ ಕೂತು, ಅತ್ತೆಯ ಮುಖ ನೋಡಿ ಮೊದಲ ಮಾತಿಗೇ ಕೇಳಿದರು: "ಅಮ್ಮಾ, ಪೇಶಾಬ್ ರುಕ್ತಾ ಕ್ಯಾ?"

"ನೈ ಸಾಬ್" ಎಂದರು ಅತ್ತೆ, ಮೂತ್ರ ತಡೆಯಲಾಗದೆ ಎರಡು ತಿಂಗಳಾಯಿತೆಂದೂ ಸೇರಿಸಿದರು. ಮಾವ ಅಲ್ಲೇ ನಿಂತಿದ್ದರು. ಅತ್ತೆಯ ದನಿ ಸ್ವಲ್ಪವೂ ತಗ್ಗಲಿಲ್ಲ.

ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ, ಮೊದಲಿನ ಡಾಕ್ಟರು ಇದನ್ನು ಕೇಳಲಿಲ್ಲವೇ ಎಂದರು ಅವರು. ಅತ್ತೆ ನನ್ನ ಕಡೆ ನೋಡಿದರು. ನಾನು ಕೈಯಲ್ಲಿದ್ದ ಚಪ್ಪಲಿಗಳನ್ನು ಮಂಚದ ಕೆಳಗೆ ಜೋಡಿಸಿದೆ.

"ಕೇಳಿರಬೇಕ್ರಿ. ನನಗ ಇಂಗ್ಲಿಷ್ ತಿಳೀಲಿಲ್ಲ" ಎಂದು ಅತ್ತೆ ಉರ್ದುವಿನಲ್ಲಿ ಹೇಳಿ ಕಣ್ಣು ಮುಚ್ಚಿಕೊಂಡರು.

ಮರುದಿನವೇ ಆಪರೇಷನ್ ಆಯಿತು. ಕಾಲಿಗೆ ಬಲ ಬಂತು, ಕೋಲು ಹಿಡಿದು ಮನೆಯೊಳಗೆ ನಡೆದರು. ಹಿಡಿತ ಮಾತ್ರ ಬರಲಿಲ್ಲ. ಬೇಗ ಬಂದಿದ್ದರೆ ಬರುತ್ತಿತ್ತೇನೋ ಎಂದಿದ್ದರು ಆ ಡಾಕ್ಟರು, ಅದೂ ನನಗೇ.

ಅತ್ತೆ ಮತ್ತೆ ಯಾರ ಮನೆಗೂ ಕೂರಲು ಹೋಗಲಿಲ್ಲ. ಅವರ ಬಟ್ಟೆಗಳನ್ನು ಅವರು ಇರುವತನಕ ನಾನೇ ಒಗೆದೆ, ಕೆಲಸದವಳಿಗೆ ಮುಟ್ಟಗೊಡಲಿಲ್ಲ. "ಇಂಥ ಸೊಸಿ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕು" ಎಂದು ಓಣಿಯವರು ಅನ್ನುವರು. ಅತ್ತೆ ಹೂಂಗುಡುತ್ತಿದ್ದರು. ನಾನು ತಲೆ ತಗ್ಗಿಸಿ ಹಿಂಡುತ್ತಿದ್ದೆ. ಅದನ್ನೂ ಓಣಿಯವರು ವಿನಯ ಎಂದುಕೊಂಡರು.